ತರಗೆಲೆಯ ಮೇಲಿನ ಕೆಂಪು ಕೊಡೆಗೆ ಯಾವ ಹೆಸರು?

ಆರಿದ್ರಾ ಮಳೆ ಹಿಡಿದು ನಾಲ್ಕಾರು ದಿನ ಕಳೆದರೆ ಸಾಕು, ಮಲೆನಾಡಿನ ಕಾನುಗಳ ನೆಲಕ್ಕೆ ಕಳೆ ಬರುತ್ತದೆ. ಬೇಸಿಗೆಯಿಡೀ ಕಾಲಡಿಯಲ್ಲಿ ಸರಬರ ಸದ್ದು ಮಾಡುತ್ತಿದ್ದ ತರಗೆಲೆ ನೆನೆದು ಮೆತ್ತಗಾಗುತ್ತದೆ. ಅದರ ನಡುವಿನಿಂದ ಕೆಂಪು, ಗುಲಾಬಿ, ಕಿತ್ತಳೆ ಬಣ್ಣದ ಚುಕ್ಕಿಗಳು ಏಳುತ್ತವೆ. ಕುಕ್ಕರಗಾಲಲ್ಲಿ ಕೂತು ನೋಡಿದರೆ ಒಂದೊಂದು ಚುಕ್ಕಿಯೂ ಒಂದೊಂದು ಅಣಬೆ. ಕೊಡೆಯ ಅಗಲ ಒಂದು ಸೆಂಟಿಮೀಟರ್ ಆಸುಪಾಸು, ಚೆನ್ನಾಗಿ ಬೆಳೆದರೆ ಎರಡು. ಕಾಲು ಕಪ್ಪಗೆ, ನುಣ್ಣಗೆ, ಒಂದು ಮಿಲಿಮೀಟರ್ ಕೂಡ ದಪ್ಪವಿಲ್ಲ. ಅಷ್ಟು ತೆಳ್ಳಗಿದ್ದೂ ಬಗ್ಗಿಸಿದರೆ ಮುರಿಯುವುದಿಲ್ಲ, ಬಿಟ್ಟರೆ ಮತ್ತೆ ನೆಟ್ಟಗೆ ನಿಲ್ಲುತ್ತದೆ.

ಇದಕ್ಕೆ ನಮ್ಮಲ್ಲಿ ಊರಿನ ಹೆಸರಿಲ್ಲ. ಹುತ್ತದ ಅಣಬೆಗೆ ಹೆಸರಿದೆ, ಕಲ್ಲಣಬೆಗೆ ಇದೆ. ತುಳುವರ ಅಲಂಬು, ಕೊಡವರ ಕುಮ್ಮ್ ಎಂಬ ಮಾತುಗಳ ಹಿಂದೆ ಮಳೆಗಾಲದ ಅಡುಗೆಯ ದೊಡ್ಡ ತಿಳಿವಳಿಕೆಯೇ ಇದೆ: ಯಾವ ಮಳೆಗೆ ಯಾವುದು ಏಳುತ್ತದೆ, ಯಾವುದನ್ನು ಹುರಿಯಬೇಕು, ಯಾವುದನ್ನು ಮುಟ್ಟಲೇಬಾರದು ಎಂಬುದೆಲ್ಲ. ಅಡುಗೆಮನೆಗೆ ಬಾರದ್ದೆಲ್ಲ ಒಟ್ಟಾಗಿ ನಾಯಿಕೊಡೆ. ಈ ಪುಟ್ಟ ಕೆಂಪು ಅಣಬೆ ತಿನ್ನುವುದಕ್ಕೆ ಒದಗುವುದಿಲ್ಲ, ಹೆದರಿಸುವಷ್ಟು ದೊಡ್ಡದೂ ಅಲ್ಲ. ಹಾಗಾಗಿ ಎಲ್ಲರೂ ಅದನ್ನು ದಾಟಿಕೊಂಡು ನಡೆಯುತ್ತಾರೆ. ಇದರ ಹೆಸರಿನ ಪ್ರಶ್ನೆಯನ್ನು ಇಲ್ಲಿ ವಿವರವಾಗಿ ಎತ್ತಿಕೊಳ್ಳಲು ಕಾರಣವಿದೆ. ಘಟ್ಟದ ಇಳಿಜಾರುಗಳಲ್ಲಿ ಬಿದ್ದ ಎಲೆಯನ್ನು ಮಣ್ಣಾಗಿಸುವ ಕೆಲಸದ ದೊಡ್ಡ ಪಾಲು ಇಂಥ ಸಣ್ಣವುಗಳದ್ದು. ಆದರೆ ಅವು ಯಾರು ಯಾರು ಎಂದು ಸರಿಯಾಗಿ ಬೇರ್ಪಡಿಸಿ ಹೇಳುವ ಕೆಲಸ ನಮ್ಮಲ್ಲಿ ಇನ್ನೂ ಅರ್ಧದಲ್ಲಿದೆ.

ಫೋಟೊ ತೆಗೆದು ತಿಳಿದವರ ಮುಂದಿಟ್ಟರೆ ಸಾಮಾನ್ಯವಾಗಿ ಬರುವ ಉತ್ತರ ‘ಮರಾಸ್ಮಿಯಸ್ ಹೆಮಟೋಸೆಫಲಸ್’. ಈ ಹೆಸರು ಬ್ರೆಜಿಲ್, ಆಫ್ರಿಕಾ, ಶ್ರೀಲಂಕಾ, ಥಾಯ್ಲೆಂಡ್, ಮಲೇಷ್ಯಾಗಳ ಪಟ್ಟಿಗಳಲ್ಲಿ ಇದೆ, ಕೇರಳದ ಅಧ್ಯಯನಗಳಲ್ಲೂ ಇದೆ. ಉಷ್ಣವಲಯದ ಉದ್ದಗಲಕ್ಕೂ, ಮೂರು ಖಂಡಗಳಲ್ಲಿ, ನಡುವೆ ಸಮುದ್ರಗಳನ್ನಿಟ್ಟುಕೊಂಡು ಒಂದೇ ಜಾತಿಯ ಅಣಬೆ ಬದುಕುತ್ತಿದೆಯೇ? ಇರಬಹುದು, ಬೀಜಕಗಳು ಗಾಳಿಯಲ್ಲಿ ಹಾರುತ್ತವೆ. ಕೆಂಪಾಗಿ, ಚಿಕ್ಕದಾಗಿ ಕಂಡದ್ದಕ್ಕೆಲ್ಲ ಕೈಗೆ ಸಿಕ್ಕ ಹಳೆಯ ಹೆಸರನ್ನೇ ಕೊಡುತ್ತ ಬಂದಿರುವ ಸಾಧ್ಯತೆಯೂ ಅಷ್ಟೇ ಇದೆ. ನನಗೆ ಎರಡನೆಯದೇ ಹೆಚ್ಚು ನಿಜವೆನಿಸುತ್ತದೆ. ಏಕೆಂದು ತಿಳಿಯಲು ಆ ಹೆಸರು ಎಲ್ಲಿಂದ ಬಂತು ಎಂಬಲ್ಲಿಂದ ಶುರುಮಾಡಬೇಕು.

ಹೆಸರಿಟ್ಟವರು ಫ್ರಾನ್ಸಿನ ಕಮೀಲ್ ಮೊಂಟಾನ್ಯ. ಹದಿಹರೆಯದಲ್ಲೇ ನೆಪೋಲಿಯನ್‌ನ ಈಜಿಪ್ಟ್ ದಂಡಯಾತ್ರೆಯ ಜೊತೆ ಹೋದವರು, ಮುಂದೆ ಸೇನೆಯಲ್ಲಿ ಶಸ್ತ್ರವೈದ್ಯರಾದವರು. 1832ರಲ್ಲಿ ನಿವೃತ್ತರಾದ ಮೇಲೆ ಪಾಚಿ, ಹಾವಸೆ, ಕಲ್ಲುಹೂವು, ಅಣಬೆ ಎಂದು ಹೂಬಿಡದ ಜೀವಿಗಳಿಗೇ ಉಳಿದ ಆಯುಷ್ಯವನ್ನು ಕೊಟ್ಟರು. ಐರ್ಲೆಂಡಿನ ಮಹಾಕ್ಷಾಮಕ್ಕೆ ಕಾರಣವಾದ ಆಲೂಗಡ್ಡೆ ಅಂಗಮಾರಿಯ ಜೀವಿಗೆ 1845ರಲ್ಲಿ ಮೊದಲ ವೈಜ್ಞಾನಿಕ ಹೆಸರು ಕೊಟ್ಟವರೂ ಇವರೇ. ಅದಕ್ಕೆ ಎಂಟು ವರ್ಷ ಮೊದಲು, 1837ರಲ್ಲಿ, ಬ್ರೆಜಿಲ್‌ನಿಂದ ಬಂದ ಒಣಗಿದ ಪುಟ್ಟ ಕೆಂಪು ಅಣಬೆಯನ್ನು ‘ಅಗಾರಿಕಸ್ ಹೆಮಟೋಸೆಫಲಸ್’ ಎಂದು ವರ್ಣಿಸಿದರು. ಆ ಕಾಲದಲ್ಲಿ ಕೊಡೆಯ ಕೆಳಗೆ ಪದರು ಪದರಾಗಿ ಕಿವಿರುಗಳಿದ್ದ ಅಣಬೆಗಳೆಲ್ಲವೂ ಹೆಚ್ಚುಕಡಿಮೆ ಅಗಾರಿಕಸ್ ಎಂಬ ಒಂದೇ ಕುಲಕ್ಕೆ ಸೇರುತ್ತಿದ್ದವು.

ಅದೇ ಹೊತ್ತಿಗೆ ಸ್ವೀಡನ್‌ನಲ್ಲಿ ಎಲಿಯಾಸ್ ಫ್ರೀಸ್ ಈ ದೊಡ್ಡ ರಾಶಿಯನ್ನು ವಿಂಗಡಿಸುತ್ತಿದ್ದರು. ಅವರ ಕಣ್ಣಿಗೆ ಒಂದು ಗುಣ ಬಿತ್ತು. ಬಹುಪಾಲು ಅಣಬೆಗಳು ಎರಡು ಮೂರು ದಿನದಲ್ಲಿ ಕೊಳೆತು ನೀರಾಗುತ್ತವೆ. ಕೆಲವು ಮಾತ್ರ ಬಿಸಿಲು ಬಿದ್ದಾಗ ಮುದುಡಿ ಒಣಗಿ, ಮಳೆ ಬಂದಾಗ ನೀರು ಹೀರಿ ಮತ್ತೆ ಅರಳುತ್ತವೆ. ಹಾಗೆ ಒಣಗಿ ಮರಳುವವುಗಳನ್ನು ಒಂದು ಗುಂಪು ಮಾಡಿ 1830ರ ದಶಕದಲ್ಲಿ ಮರಾಸ್ಮಿಯಸ್ ಎಂಬ ಕುಲವನ್ನು ಕಟ್ಟಿದರು. 1838ರಲ್ಲಿ ಮೊಂಟಾನ್ಯರ ಕೆಂಪು ಅಣಬೆ ಅದರೊಳಗೆ ಬಂತು. ಅಂದಿನಿಂದ ಇಂದಿನವರೆಗೂ ಅದರ ಹೆಸರು ಮರಾಸ್ಮಿಯಸ್ ಹೆಮಟೋಸೆಫಲಸ್ಸೇ.

ಮಳೆ ಬಿಟ್ಟುಬಿಟ್ಟು ಬರುವ ನಾಡಿಗೆ ಈ ಗುಣ ಎಷ್ಟು ಹೊಂದುತ್ತದೆ ಎಂದು ಸ್ವಲ್ಪ ಯೋಚಿಸಬೇಕು. ಎಲೆಯ ರಾಶಿಯ ಮೇಲ್ಪದರ ಬೇಗ ನೆನೆಯುತ್ತದೆ, ಬೇಗ ಒಣಗುತ್ತದೆ. ಪುನರ್ವಸುವಿನಲ್ಲಿ ಎರಡು ದಿನ ಹೊಳವಾದರೆ ಮೇಲಿನ ತರಗು ಗರಿಗರಿಯಾಗುತ್ತದೆ. ಮಾಂಸಲ ಅಣಬೆ ಅಲ್ಲಿ ತಾಳುವುದಿಲ್ಲ. ಮರಾಸ್ಮಿಯಸ್ ಬೀಜಕ ಬಿಡುವುದನ್ನು ನಿಲ್ಲಿಸಿ, ಕೊಡೆ ಮಡಚಿ ಕಾಯುತ್ತದೆ. ಮತ್ತೆ ಹನಿ ಬಿದ್ದಾಗ ಅದೇ ಕೊಡೆಯಿಂದ ಬೀಜಕಗಳನ್ನು ಬಿಡಲು ತೊಡಗುತ್ತದೆ. ಇದೇ ಕುಲದ ಹುಲ್ಲುಗಾವಲಿನ ಅಣಬೆ ಮರಾಸ್ಮಿಯಸ್ ಓರಿಯಾಡೆಸ್‌ನಲ್ಲಿ ಟ್ರೆಹಲೋಸ್ ಎಂಬ ಸಕ್ಕರೆ ಹೇರಳವಾಗಿದೆ. ಒಣಗುವಾಗ ಕೋಶಗಳು ಹಾಳಾಗದಂತೆ ಕಾಪಾಡುವುದು ಆ ಸಕ್ಕರೆ.

ಈಗ ಒಂದನ್ನು ಎತ್ತಿಕೊಳ್ಳೋಣ. ಕಾಲು ಹಿಡಿದು ಕೀಳಬಾರದು. ಅದು ನಿಂತ ಎಲೆಯನ್ನೇ ಮೆಲ್ಲಗೆ ಎತ್ತಬೇಕು. ಎಲೆ ಒಂಟಿಯಾಗಿ ಬರುವುದಿಲ್ಲ, ಕೆಳಗಿನ ಎರಡು ಮೂರು ಎಲೆಗಳೂ ಅದರ ಜೊತೆ ಏಳುತ್ತವೆ. ಅವನ್ನು ಹೊಲಿದು ಹಿಡಿದಿರುವುದು ಬಿಳಿಯ ಎಳೆಗಳು. ಅಣಬೆಯ ನಿಜವಾದ ಮೈ ಅದೇ. ಮೇಲೆ ಕಾಣುವ ಕೊಡೆ ಬೀಜಕ ಬಿಡಲು ಎದ್ದ ಅಂಗ ಮಾತ್ರ. ಎಳೆಗಳು ಹರಡಿದ ಕಡೆ ಎಲೆಯ ಕಂದು ಹೋಗಿ ಮಾಸಲು ಬಿಳುಪಿನ ತೇಪೆ ಮೂಡಿರುತ್ತದೆ. ಎಲೆಗೆ ಗಟ್ಟಿತನ ಮತ್ತು ಕಂದುಬಣ್ಣ ಕೊಡುವ ಲಿಗ್ನಿನ್ ಅಲ್ಲಿ ಕರಗಿದೆ ಎಂದು ಅದರರ್ಥ. ಲಿಗ್ನಿನ್ ಒಡೆಯಬಲ್ಲ ಜೀವಿಗಳು ಜಗತ್ತಿನಲ್ಲಿ ತೀರಾ ಕಡಿಮೆ.

ಬುಡವನ್ನು ಭೂತಗನ್ನಡಿಯಲ್ಲಿ ನೋಡಬೇಕು. ಕಾಲು ನೇರವಾಗಿ ಎಲೆಯೊಳಗಿಂದ ಮೂಡಿದೆಯೇ, ಅಥವಾ ಬುಡದಲ್ಲಿ ಎಳೆಗಳ ಸಣ್ಣ ಮೆತ್ತೆ ಇದೆಯೇ? ಇದು ಪುಟ್ಟ ವಿವರವೆನಿಸಿದರೂ ಜಾತಿಗಳನ್ನು ಬೇರ್ಪಡಿಸುವಾಗ ತೂಕದ ಮಾತು. ಕಾಲನ್ನು ಕಿತ್ತು ತಂದವರ ಬಳಿ ಈ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಯಾವ ಮರದ ಎಲೆ, ಬಿದಿರಿನದೋ ಅಗಲ ಎಲೆಯದೋ, ಎಲೆಯ ನರದ ಮೇಲೆ ಎದ್ದಿತ್ತೋ ತೊಟ್ಟಿನ ಮೇಲೋ ಎಂಬುದೂ ಅಲ್ಲೇ ಗೊತ್ತಾಗಬೇಕು. ಕೆಲವು ಜಾತಿಗಳು ಏನು ಸಿಕ್ಕರೂ ತಿನ್ನುತ್ತವೆ, ಕೆಲವಕ್ಕೆ ಇಂಥದೇ ಎಲೆ ಬೇಕು.

ಇನ್ನು ಕೊಡೆ. ಗಂಟೆಯಾಕಾರ, ಮೇಲೆ ನೆತ್ತಿಯಿಂದ ಅಂಚಿಗೆ ತಗ್ಗು ಗೆರೆಗಳು. ತಿರುಗಿಸಿದರೆ ಬೆಳ್ಳಗಿನ ಕಿವಿರುಗಳು, ಒಂದಕ್ಕೊಂದು ದೂರ ದೂರ. ಅಂಚಿನಿಂದ ಕಾಲಿನವರೆಗೂ ಪೂರ್ತಿ ಬರುವ ಕಿವಿರುಗಳನ್ನು ಎಣಿಸಿ ಬರೆದಿಡಬೇಕು. ಸಾಮಾನ್ಯವಾಗಿ ಒಂದೂವರೆ ಡಜನ್ನಿನೊಳಗೆ ಮುಗಿಯುತ್ತದೆ. ಅವು ಕಾಲಿಗೆ ಹೇಗೆ ಸೇರುತ್ತವೆ ಎಂಬುದು ಮುಂದಿನ ಪ್ರಶ್ನೆ. ಯುರೋಪಿನ ಮರಾಸ್ಮಿಯಸ್ ರೋಟುಲದಲ್ಲಿ ಕಿವಿರುಗಳು ಕಾಲನ್ನು ಮುಟ್ಟುವುದೇ ಇಲ್ಲ, ಕಾಲಿನ ಸುತ್ತ ಇರುವ ಪುಟ್ಟ ಬಳೆಯೊಂದಕ್ಕೆ ಬಂದು ಕೂಡುತ್ತವೆ. ನಮ್ಮ ಕೆಂಪು ಕೊಡೆಯಲ್ಲಿ ಅಂಥ ಬಳೆ ಇರುವುದಿಲ್ಲ. ಇವನ್ನೆಲ್ಲ ಹಸಿಯಿದ್ದಾಗಲೇ ನೋಡಬೇಕು, ಬಣ್ಣವನ್ನಂತೂ ಅಲ್ಲೇ ನಿಂತು ಬರೆದುಕೊಳ್ಳಬೇಕು. ಎಳೆಯದರಲ್ಲಿ ಕಡುಗೆಂಪು, ಬಲಿತಾಗ ಗುಲಾಬಿ. ಜಡಿಮಳೆಗೆ ಸಿಕ್ಕರೆ ಬಣ್ಣ ಕಳೆದುಕೊಂಡು ಮಂಕಾಗುತ್ತದೆ.

ಇಷ್ಟು ನೋಡಿದ ಮೇಲೂ ಕುಲ ಯಾವುದೆಂಬುದೇ ಖಚಿತವಾಗದೆ ಇರಬಹುದು. ಅದೇ ತರಗೆಲೆಯ ರಾಶಿಯಲ್ಲಿ ಮೈಸೀನ ಎಂಬ ಕುಲದ ಪುಟ್ಟ ಅಣಬೆಗಳಿವೆ. ಆದರೆ ಅವು ಹೆಚ್ಚಾಗಿ ಮುಟ್ಟಿದರೆ ಮುರಿಯುವಷ್ಟು ನಾಜೂಕು, ಒಣಗಿದರೆ ಮರಳುವುದಿಲ್ಲ. ಕ್ರಿನಿಪೆಲ್ಲಿಸ್‌ನ ಕೊಡೆಯ ಮೇಲೆ ಒತ್ತಾದ ಕೂದಲು. ಜಿಮ್ನೋಪಸ್ ಮತ್ತು ಮರಾಸ್ಮಿಯೆಲಸ್‌ನ ಕೆಲವು ಜಾತಿಗಳು ಬರಿಗಣ್ಣಿಗೆ ಮರಾಸ್ಮಿಯಸ್ಸೇ ಎನಿಸುತ್ತವೆ. ಬಿಳಿ ಕೊಡೆ, ಕಪ್ಪು ಕಾಲಿನ ಟೆಟ್ರಾಪೈರ್ಗೋಸ್ ನಿಗ್ರಿಪೆಸ್ ಕೂಡ ಕಡ್ಡಿ, ತರಗಿನ ಮೇಲೆ ಏಳುತ್ತದೆ. ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟವರಿಗೆ ಮತ್ತೆ ಯಾವತ್ತೂ ಅನುಮಾನ ಬರುವುದಿಲ್ಲ: ಅದರ ಬೀಜಕಕ್ಕೆ ನಾಲ್ಕು ತೋಳು, ಥೇಟ್ ನೆಗ್ಗಿಲ ಮುಳ್ಳು.

ಆದ್ದರಿಂದ ಮುಂದಿನ ಕೆಲಸ ಮೇಜಿನ ಮೇಲಿನದು. ಕೊಡೆಯನ್ನು ಕಾಲಿನಿಂದ ಬೇರ್ಪಡಿಸಿ, ಗಾಜಿನ ಪಟ್ಟಿಯ ಮೇಲೆ ಕಿವಿರು ಕೆಳಗಾಗಿಟ್ಟು, ಒದ್ದೆ ಹತ್ತಿಯ ಚೂರಿನೊಂದಿಗೆ ಡಬ್ಬಿಯಲ್ಲಿ ಮುಚ್ಚಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಗಾಜಿನ ಮೇಲೆ ಬಿಳಿ ಪುಡಿಯ ಗೆರೆಗಳು ಬಿದ್ದಿರುತ್ತವೆ. ಇದೇ ಬೀಜಕದ ಅಚ್ಚು. ಅಳೆಯಬೇಕಾದದ್ದು ಹೀಗೆ ತಾವಾಗಿ ಉದುರಿದ ಬೀಜಕಗಳನ್ನೇ. ಕಿವಿರನ್ನು ಹಿಸುಕಿ ತೆಗೆದರೆ ಬಲಿಯದವೂ ಸೇರಿಕೊಂಡು ಅಳತೆ ಚಿಕ್ಕದಾಗಿ ಬರುತ್ತದೆ. ಕನಿಷ್ಠ ಇಪ್ಪತ್ತು ಮೂವತ್ತು ಬೀಜಕಗಳ ಉದ್ದ, ಅಗಲ ಬರೆದು ಸರಾಸರಿ ತೆಗೆಯುತ್ತಾರೆ. ಮರಾಸ್ಮಿಯಸ್ ಹೆಮಟೋಸೆಫಲಸ್‌ನ ಬೀಜಕ ಸುಮಾರು 16ರಿಂದ 22 ಮೈಕ್ರೋಮೀಟರ್ ಉದ್ದ, 3ರಿಂದ 5 ಅಗಲ. ಅಣಬೆಯ ಗಾತ್ರಕ್ಕೆ ಹೋಲಿಸಿದರೆ ಬಹಳ ನೀಳ.

ಈ ಉದ್ದ ಏಕೆ ಮುಖ್ಯ? ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿ ಮರಾಸ್ಮಿಯಸ್ ಪಲ್ಕೆರಿಪೆಸ್ ಎಂಬ ಗುಲಾಬಿ ಬಣ್ಣದ ಇನ್ನೊಂದು ಅಣಬೆಯಿದೆ. ಅದೇ ಗಾತ್ರ, ಅದೇ ಗೆರೆಗಳ ಕೊಡೆ, ಅದೇ ಕಪ್ಪು ಕಾಲು. ಪಕ್ಕಪಕ್ಕದಲ್ಲಿಟ್ಟು ಫೋಟೊ ತೆಗೆದರೆ ಒಂದೇ ಎನ್ನುತ್ತೇವೆ. ಅದರ ಬೀಜಕ 11ರಿಂದ 15 ಮೈಕ್ರೋಮೀಟರ್ ಮಾತ್ರ. ಅಲ್ಲಿಗೆ ಎರಡೂ ಬೇರೆ ಜಾತಿ ಎಂದು ತೀರ್ಮಾನವಾಗುತ್ತದೆ. ಬಣ್ಣ ಹೇಳಲಾಗದ್ದನ್ನು ಐದಾರು ಮೈಕ್ರೋಮೀಟರ್ ಹೇಳುತ್ತದೆ.

ಬೀಜಕದ ನಂತರ ಕೊಡೆಯ ಚರ್ಮ. ಹೊಸ ಬ್ಲೇಡಿನಿಂದ ಕೊಡೆಯನ್ನು ಆದಷ್ಟು ತೆಳುವಾಗಿ ಸೀಳಿ, ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿದರೆ ಒಣಗಿದ ಕೋಶಗಳೂ ಉಬ್ಬಿ ಮೊದಲಿನಂತಾಗುತ್ತವೆ. ಕಾಂಗೋ ರೆಡ್ ಬಣ್ಣ ಕೊಟ್ಟರೆ ಕೋಶದ ಗೋಡೆಗಳು ಕೆಂಪಾಗಿ ಎದ್ದು ಕಾಣುತ್ತವೆ. ಸಾವಿರ ಪಟ್ಟು ಹಿಗ್ಗಿಸಿ ಫೋಕಸ್ ಸರಿಮಾಡಿದಾಗ ಕಣ್ಣಿಗೆ ಬೀಳುವ ನೋಟ ನಿಜಕ್ಕೂ ಚೆಲುವಾದದ್ದು. ಚರ್ಮದ ಉದ್ದಕ್ಕೂ ಕೋಶಗಳು ಒತ್ತೊತ್ತಾಗಿ ನಿಂತಿರುತ್ತವೆ. ಒಂದೊಂದರ ತಲೆಯಲ್ಲೂ ಬೆರಳುಬೆರಳಾದ ಕವಲುಗಳು. ಅಣಬೆ ಅಧ್ಯಯನದವರು ಇವನ್ನು ಪೊರಕೆಕೋಶ ಎಂದೇ ಕರೆಯುತ್ತಾರೆ.

ಈ ಕುಲದ ಒಳವಿಂಗಡಣೆ ಬಹುಮಟ್ಟಿಗೆ ನಿಂತಿರುವುದು ಈ ಕೋಶಗಳ ಮೇಲೆ. ತಲೆಯಲ್ಲಷ್ಟೇ ಬೆರಳುಗಳಿದ್ದರೆ ಸಿಕ್ಕಸ್ ಮಾದರಿ. ಗುಂಡಗಿನ ಕೋಶದ ಮೈಮೇಲೆಲ್ಲ ಗಿಡ್ಡ ಗಂಟುಗಳಿದ್ದರೆ ರೋಟಾಲಿಸ್ ಮಾದರಿ. ಏನೂ ಇಲ್ಲದೆ ನುಣುಪಾಗಿದ್ದರೆ ಅದು ಮರಾಸ್ಮಿಯಸ್ ಓರಿಯಾಡೆಸ್ ಇರುವ ಗ್ಲೋಬುಲಾರೆಸ್ ವಿಭಾಗದ ಕಡೆಯದು. ನಮ್ಮ ಕೆಂಪು ಕೊಡೆ ಸಿಕ್ಕಸ್ ಮಾದರಿಯದು. ಅದರೊಳಗೂ ಮುಂದಿನ ಪ್ರಶ್ನೆಗಳಿವೆ: ಕಿವಿರಿನ ಬದಿಯಲ್ಲಿ ಬೀಜಕ ಹೊರದ, ಎದ್ದು ಕಾಣುವ ಬಂಜೆ ಕೋಶಗಳಿವೆಯೇ? ಕಾಲಿನ ಮೇಲೆ ರೋಮಗಳಿವೆಯೇ? ಹೆಮಟೋಸೆಫಲಸ್‌ನಲ್ಲಿ ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ. ಕೊನೆಗೆ ಮೆಲ್ಜರ್ ದ್ರಾವಣ. 1924ರಲ್ಲಿ ಚೆಕ್ ದೇಶದ ವಾಕ್ಲಾವ್ ಮೆಲ್ಜರ್ ತಯಾರಿಸಿದ ಈ ಅಯೋಡಿನ್ ಮಿಶ್ರಣವನ್ನು ಬಿಟ್ಟರೆ ಕೆಲವು ಅಣಬೆಗಳ ಬೀಜಕ ನೀಲಿಗಪ್ಪಾಗುತ್ತದೆ. ಮೈಸೀನದಲ್ಲಿ ಹಾಗಾಗುವುದೇ ಹೆಚ್ಚು. ಮರಾಸ್ಮಿಯಸ್‌ನ ಬೀಜಕ ಬಣ್ಣ ಬದಲಿಸುವುದಿಲ್ಲ. ಕೊಡೆಯೊಳಗಿನ ಎಳೆಗಳು ಕೆಂಗಂದು ಬಣ್ಣಕ್ಕೆ ತಿರುಗುತ್ತವೆ. ಒಂದು ಹನಿಯಲ್ಲಿ ಕುಲದ ಅನುಮಾನ ಬಹುಪಾಲು ತೀರುತ್ತದೆ.

ಇಷ್ಟರಲ್ಲೇ ನೂರೈವತ್ತು ವರ್ಷ ಕೆಲಸ ನಡೆಯಿತು. ರೋಲ್ಫ್ ಸಿಂಗರ್ ಅಮೆರಿಕ ಖಂಡದ ಉಷ್ಣವಲಯದ ಮರಾಸ್ಮಿಯಸ್‌ಗಳ ಮೇಲೆ 1976ರಲ್ಲಿ ತಂದ ಬೃಹತ್ ಗ್ರಂಥ ಸೂಕ್ಷ್ಮದರ್ಶಕದ ಬಲದಿಂದಲೇ ಬಂದದ್ದು. ಹೆಮಟೋಸೆಫಲಸ್‌ನಲ್ಲಿ ಬಣ್ಣದ ಆಟವನ್ನು ಕಂಡ ಅವರು ಅದರೊಳಗೇ ಹಲವು ರೂಪಗಳನ್ನು ಹೆಸರಿಸಿದರು. ಆ ರೂಪಗಳು ಒಂದೇ ಜಾತಿಯ ಬಣ್ಣಭೇದಗಳೋ, ಬೇರೆ ಬೇರೆ ಜಾತಿಗಳೋ? ಕೋಶ ಮತ್ತು ಬೀಜಕದ ಅಳತೆಗಳು ಒಂದರ ಮೇಲೊಂದು ಬರುವಾಗ ಸೂಕ್ಷ್ಮದರ್ಶಕ ಅಲ್ಲಿಗೆ ಕೈಚೆಲ್ಲುತ್ತದೆ.

ಡಿಎನ್‌ಎ ಬಂದದ್ದು ಈ ಹಂತದಲ್ಲಿ. ಶಿಲೀಂಧ್ರಗಳ ವಂಶವಾಹಿಯಲ್ಲಿ ಐಟಿಎಸ್ ಎಂಬ ಒಂದು ತುಂಡಿದೆ, ಸುಮಾರು ಆರೇಳು ನೂರು ಅಕ್ಷರಗಳಷ್ಟು ಉದ್ದ. ಜಾತಿಯಿಂದ ಜಾತಿಗೆ ಸಾಕಷ್ಟು ಬದಲಾಗುವ, ಜಾತಿಯೊಳಗೆ ಹೆಚ್ಚು ಬದಲಾಗದ ಭಾಗ ಅದು. 1990ರಿಂದ ಅದನ್ನು ಓದುವ ಸುಲಭ ವಿಧಾನ ಕೈಗೆ ಬಂತು. 2012ರಲ್ಲಿ ಅದನ್ನೇ ಶಿಲೀಂಧ್ರಗಳ ಅಧಿಕೃತ ಬಾರ್‌ಕೋಡ್ ಎಂದು ಒಪ್ಪಿಕೊಳ್ಳಲಾಯಿತು. ಒಣಗಿದ ಕೊಡೆಯ ಚೂರು ಸಾಕು. ಬಂದ ಅಕ್ಷರಮಾಲೆಯನ್ನು ಸಾರ್ವಜನಿಕ ಭಂಡಾರದಲ್ಲಿರುವವುಗಳ ಜೊತೆ ಹೋಲಿಸಬಹುದು.

ಹಾಗಾದರೆ ಪ್ರಶ್ನೆ ಮುಗಿಯಿತೇ? ಮುಗಿಯುವುದಿಲ್ಲ. ಭಂಡಾರದಲ್ಲಿರುವ ಅಕ್ಷರಮಾಲೆಗೆ ಯಾರೋ ಒಬ್ಬರು ಹೆಸರು ಬರೆದು ಸೇರಿಸಿರುತ್ತಾರೆ. ಆ ಹೆಸರೇ ತಪ್ಪಿರಬಹುದು. 2006ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯ ಅಂದಾಜಿನಂತೆ ಸಾರ್ವಜನಿಕ ಭಂಡಾರಗಳ ಶಿಲೀಂಧ್ರ ಅಕ್ಷರಮಾಲೆಗಳಲ್ಲಿ ಶೇ 20ರಷ್ಟಕ್ಕೆ ಜಾತಿಯ ಹೆಸರು ತಪ್ಪಾಗಿರಬಹುದು. ಕೆಂಪಗಿದೆ ಎಂಬ ಕಾರಣಕ್ಕೆ ಹೆಮಟೋಸೆಫಲಸ್ ಎಂದು ಬರೆದ ಅಕ್ಷರಮಾಲೆಗೆ ನಮ್ಮ ಅಣಬೆಯದು ಹೊಂದಿದರೆ ಗೊತ್ತಾಗುವುದು ಎರಡೂ ಒಂದೇ ಎಂಬುದಷ್ಟೇ. ಹೆಸರು ಸರಿಯೇ ಎಂಬುದು ಗೊತ್ತಾಗುವುದಿಲ್ಲ. ಅದಕ್ಕೆ ಮತ್ತೆ 1837ರ ಬ್ರೆಜಿಲ್‌ಗೇ ಹೋಗಬೇಕು. ಯಾವ ಹೆಸರಾದರೂ ಕೊನೆಗೆ ಕಟ್ಟಿಹಾಕಿರುವುದು ಒಂದು ಒಣ ಮಾದರಿಗೆ. ಅಷ್ಟು ಹಳೆಯ ಮಾದರಿಯಿಂದ ಡಿಎನ್‌ಎ ತೆಗೆಯುವುದು ಕಷ್ಟ. ಅಂಥಲ್ಲಿ ಮೂಲ ಮಾದರಿ ಸಿಕ್ಕ ಸೀಮೆಯಿಂದಲೇ, ಮೂಲ ವರ್ಣನೆಗೆ ಹೊಂದುವ ಹೊಸದೊಂದನ್ನು ತಂದು, ಅದನ್ನು ಹಳೆಯದಕ್ಕೆ ಪೂರಕವಾದ ಮಾದರಿಯೆಂದು ಘೋಷಿಸಲು ನಾಮಕರಣದ ನಿಯಮಗಳು ಅವಕಾಶ ಕೊಡುತ್ತವೆ.

ವರ್ಗೀಕರಣವೆಂದರೆ ಪಂಡಿತರು ಹೆಸರುಗಳನ್ನು ಆಚೀಚೆ ಮಾಡುವ ಆಟ ಎಂಬ ಮಾತನ್ನು ಆಗಾಗ ಕೇಳುತ್ತೇನೆ. ಹಾಗೆನ್ನುವವರು ಕೋಕೋ ಕತೆಯನ್ನು ಕೇಳಬೇಕು. ದಕ್ಷಿಣ ಅಮೆರಿಕದ ಸುರಿನಾಮ್‌ನಲ್ಲಿ ಕೋಕೋ ಗಿಡದ ಕೊಂಬೆಗಳು ಪೊರಕೆಯಾಗಿ ಕವಲೊಡೆದು ಸಾಯುತ್ತಿದ್ದವು. ಆ ಒಣ ಕೊಂಬೆಗಳ ಮೇಲೆ ಚೆಂದದ ಗುಲಾಬಿಗೆಂಪು ಪುಟ್ಟ ಅಣಬೆಗಳು ಏಳುತ್ತಿದ್ದವು. ರೋಗಕ್ಕೆ ಕಾರಣ ಅವೇ ಎಂದು ಕಂಡ ಗೆರೋಲ್ಡ್ ಸ್ಟಾಹೆಲ್ 1915ರಲ್ಲಿ ಅದಕ್ಕೆ ಮರಾಸ್ಮಿಯಸ್ ಪರ್ನಿಸಿಯೋಸಸ್ ಎಂದು ಹೆಸರಿಟ್ಟರು. 1942ರಲ್ಲಿ ಸಿಂಗರ್ ಅದನ್ನು ಕ್ರಿನಿಪೆಲ್ಲಿಸ್‌ಗೆ ಒಯ್ದರು. ಕೋಕೋ ಕಾಯಿಗೆ ಬಿಳಿ ಪುಡಿ ಹಿಡಿಸಿ ಕೊಳೆಸುವ ಇನ್ನೊಂದು ರೋಗವಿತ್ತು. ಅದರ ಶಿಲೀಂಧ್ರ ಅಣಬೆ ಬಿಡುವುದೇ ಇಲ್ಲವಾದ್ದರಿಂದ ಅದು ಇನ್ಯಾವುದೋ ಬಳಗದ್ದೆಂದು ಬಹುಕಾಲ ಎಣಿಸಿದ್ದರು. 2005ರಲ್ಲಿ ಡಿಎನ್‌ಎ ಓದಿದಾಗ ತಿಳಿಯಿತು: ಎರಡೂ ಒಡಹುಟ್ಟುಗಳು, ಮರಾಸ್ಮಿಯಸ್‌ನ ಕುಟುಂಬದವೇ. ಈಗ ಎರಡೂ ಮೊನಿಲಿಯೋಫ್ತೋರ ಎಂಬ ಒಂದೇ ಕುಲದಲ್ಲಿವೆ. ಮೊದಲ ರೋಗ 1989ರಲ್ಲಿ ಬ್ರೆಜಿಲ್‌ನ ಬಾಹಿಯಾ ಸೀಮೆಗೆ ಕಾಲಿಟ್ಟು ಅಲ್ಲಿನ ಕೋಕೋ ಬೇಸಾಯವನ್ನು ನೆಲಕಚ್ಚಿಸಿತು. ಎರಡು ರೋಗಗಳ ಹಿಂದೆ ಇರುವುದು ಒಂದೇ ಮನೆತನ ಎಂದು ತಿಳಿದರೆ ನಿರೋಧಕ ತಳಿ ಹುಡುಕುವವರ ದಾರಿಯೇ ಬದಲಾಗುತ್ತದೆ. ಪುತ್ತೂರು, ಸುಳ್ಯದ ಕಡೆ ಅಡಿಕೆಯ ನೆರಳಲ್ಲಿ ಕೋಕೋ ಬೆಳೆಯುವವರಿಗೂ ಇದು ಸಂಬಂಧಪಟ್ಟ ವಿಷಯ. ಈ ರೋಗಗಳು ಅಮೆರಿಕ ಖಂಡಗಳನ್ನೂ ಕೆರಿಬಿಯನ್ ದ್ವೀಪಗಳನ್ನೂ ದಾಟಿ ಇತ್ತ ಬಾರದಂತೆ ತಡೆಯುವವರು ಮೊದಲು ಅವನ್ನು ಗುರುತಿಸಬಲ್ಲವರಾಗಿರಬೇಕು.

ಹಾಗೆಂದು ಈ ಕುಟುಂಬವೆಲ್ಲ ಕೇಡಿಗರದ್ದೆಂದು ತಿಳಿಯಬೇಕಿಲ್ಲ. ಬಹುಪಾಲು ಸತ್ತ ಎಲೆಯ ಮೇಲೆ ಬಾಳುವವೇ. ಪೋರ್ಟೊರಿಕೊದ ಮಳೆಕಾಡಿನ ಕಡಿದಾದ ಇಳಿಜಾರುಗಳಲ್ಲಿ ಜೀನ್ ಲಾಡ್ಜ್ ಮತ್ತು ಕ್ಲೈಡ್ ಆಸ್ಬರಿ ನಡೆಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಬಹಳ ಪ್ರಿಯವಾದದ್ದು. ಎಲೆಗಳನ್ನು ಒಂದಕ್ಕೊಂದು ಹೊಲಿಯುವ ಅಣಬೆಗಳು ಇದ್ದ ಕಡೆ ಮಳೆನೀರಿನೊಂದಿಗೆ ಜಾರಿಹೋಗುವ ತರಗೆಲೆ ಕಡಿಮೆ ಎಂದು ಅವರು ತೋರಿಸಿದರು. ನಮ್ಮ ಆಗುಂಬೆ, ಹುಲಿಕಲ್, ಚಾರ್ಮಾಡಿಯ ಇಳಿಜಾರುಗಳಲ್ಲಿ ನಿಂತು ಇದನ್ನು ನೆನೆದರೆ ಅದರ ಅರ್ಥ ಇನ್ನಷ್ಟು ಚೆನ್ನಾಗಿ ಆಗುತ್ತದೆ. ಶಿರಸಿ, ಸಿದ್ದಾಪುರದ ಸೊಪ್ಪಿನ ಬೆಟ್ಟಗಳಲ್ಲಿ ದರಕು ಗುಡಿಸಿ ಕೊಟ್ಟಿಗೆಗೆ, ತೋಟಕ್ಕೆ ಹಾಕುವವರು ಅದರೊಂದಿಗೆ ಈ ಎಳೆಗಳನ್ನೂ ಹೊತ್ತು ತರುತ್ತಾರೆ. ಗೊಬ್ಬರವಾಗುವ ಕೆಲಸ ಬೆಟ್ಟದಲ್ಲೇ ಶುರುವಾಗಿರುತ್ತದೆ.

ಇದೇ ಬಳಗದ ಮರಾಸ್ಮಿಯಸ್ ಕ್ರೈನಿಸ್-ಎಕ್ವಿ ನೆಲ ಬಿಟ್ಟು ಗಿಡಗಳ ನಡುವೆ ಕಪ್ಪು ಎಳೆಗಳನ್ನು ಹಬ್ಬಿಸಿ, ಮೇಲಿನಿಂದ ಉದುರುವ ಎಲೆಯನ್ನು ಗಾಳಿಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಉಷ್ಣವಲಯದ ಹಕ್ಕಿಗಳು ಇಂಥ ಎಳೆಗಳನ್ನು ಎಳೆದು ತಂದು ಗೂಡಿಗೆ ಬಳಸುತ್ತವೆ. ಸಿಲೋನಿನ ಪೆರದೇನಿಯದಲ್ಲಿದ್ದ ಟಾಮ್ ಪೆಚ್ ಚಹಾ ತೋಟಗಳ ಈ ಕುದುರೆಕೂದಲಿನ ಅಣಬೆಗಳ ಮೇಲೆ ಕಳೆದ ಶತಮಾನದ ಮೊದಲ ಭಾಗದಲ್ಲೇ ಬರೆದಿದ್ದರು.

ಫ್ರೀಸ್ ಕಟ್ಟಿದ ಕುಲ ಇಂದು ಹಾಗೇ ಉಳಿದಿಲ್ಲ. ಒಣಗಿ ಮರಳುವ ಗುಣ ಒಂದೇ ಮೂಲದಿಂದ ಬಂದದ್ದಲ್ಲ, ಬೇರೆ ಬೇರೆ ವಂಶಗಳಲ್ಲಿ ಬೇರೆಬೇರೆಯಾಗಿ ಮೂಡಿದ್ದು ಎಂದು ಡಿಎನ್‌ಎ ತೋರಿಸಿತು. ಲಿನೀಯಸ್ 1753ರಲ್ಲೇ ಹೆಸರಿಸಿದ್ದ ಆಂಡ್ರೊಸೇಸಿಯಸ್ ಎಂಬ ಜಾತಿ ಅಗಾರಿಕಸ್‌ನಿಂದ ಮರಾಸ್ಮಿಯಸ್‌ಗೆ, 1987ರಲ್ಲಿ ಸೆಟುಲಿಪೆಸ್‌ಗೆ, ಅಲ್ಲಿಂದ ಜಿಮ್ನೋಪಸ್ ಕಡೆಗೆ ಸರಿಯಿತು. ಬೆಳ್ಳುಳ್ಳಿ ವಾಸನೆಯವು ಮೈಸೆಟಿನಿಸ್ ಆದವು. ಇನ್ನು ಕೆಲವು ಪುಟ್ಟ ಜಾತಿಗಳು 2014ರಲ್ಲಿ ಕ್ರಿಪ್ಟೊಮರಾಸ್ಮಿಯಸ್ ಎಂಬ ಹೊಸ ಕುಲವಾಗಿ ಕುಟುಂಬವನ್ನೇ ಬದಲಿಸಿದವು. ಪೊರಕೆಕೋಶ, ನೀಳ ಬೀಜಕದ ನಮ್ಮ ಕೆಂಪು ಕೊಡೆಯ ಗುಂಪು ಮಾತ್ರ ಮರಾಸ್ಮಿಯಸ್‌ನಲ್ಲೇ ಗಟ್ಟಿಯಾಗಿ ಉಳಿದಿದೆ.

ಭಾರತದಲ್ಲಿ ಬಟ್ಲರ್ ಮತ್ತು ಬಿಸ್ಬಿ 1931ರಲ್ಲಿ ದೇಶದ ಶಿಲೀಂಧ್ರಗಳ ಮೊದಲ ಸಮಗ್ರ ಪಟ್ಟಿ ಕೊಟ್ಟರು. ಆಮೇಲೆ ಬೆಳೆರೋಗದ ಶಿಲೀಂಧ್ರಗಳಿಗೆ ಸಿಕ್ಕ ಗಮನ ಕಾಡಿನ ಸಣ್ಣ ಅಣಬೆಗಳಿಗೆ ಸಿಗಲಿಲ್ಲ. ಮರಾಸ್ಮಿಯಸ್ ವಿಷಯದಲ್ಲಿ ಕೇರಳದವರು ನಮಗಿಂತ ಮುಂದಿದ್ದಾರೆ; ಪಾಲೋಡಿನ ಸಸ್ಯೋದ್ಯಾನದಲ್ಲಿ, ಕಲ್ಲಿಕೋಟೆಯ ವಿದ್ವಾಂಸರ ಬಳಿ ದಶಕಗಳ ಮಾದರಿಗಳಿವೆ. ಉತ್ತರ ಥಾಯ್ಲೆಂಡಿನ ಮರಾಸ್ಮಿಯಸ್‌ಗಳ ಬಗ್ಗೆ 2009ರಲ್ಲೇ ರೂಪ ಮತ್ತು ಡಿಎನ್‌ಎ ಎರಡನ್ನೂ ಸೇರಿಸಿದ ದೊಡ್ಡ ಪ್ರಬಂಧ ಬಂದಿದೆ. ನಮ್ಮಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಕೆ.ಆರ್. ಶ್ರೀಧರ್ ಮತ್ತು ಸಂಗಡಿಗರು ಕರಾವಳಿ, ಕೊಡಗಿನ ಅಣಬೆಗಳನ್ನೂ, ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರು ಶಿವಮೊಗ್ಗ ಜಿಲ್ಲೆಯ ಕಾಡಿನವನ್ನೂ ದಾಖಲಿಸಿದ್ದಾರೆ. ಒಂದು ಕಾಡಿನ ಎಲ್ಲ ದೊಡ್ಡ ಅಣಬೆಗಳ ಪಟ್ಟಿ ಮಾಡುವುದು ಮೊದಲ ಹೆಜ್ಜೆ. ಒಂದೇ ಕುಲವನ್ನು ಹಿಡಿದು ಘಟ್ಟದ ಉದ್ದಕ್ಕೂ ಹೋಗುವುದು ಮುಂದಿನದು, ನನ್ನ ಆಸೆ ಇರುವುದು ಅದರಲ್ಲಿ. ಜಗತ್ತಿನಲ್ಲಿ 22 ಲಕ್ಷದಿಂದ 38 ಲಕ್ಷ ಶಿಲೀಂಧ್ರ ಜಾತಿಗಳಿರಬಹುದು ಎಂಬುದು 2017ರ ಅಂದಾಜು. ಹೆಸರು ಸಿಕ್ಕಿರುವುದು ಒಂದೂವರೆ ಲಕ್ಷದ ಆಸುಪಾಸಿಗೆ.

ಕೆಲಸಕ್ಕೆ ಬೇಕಾದದ್ದು ದುಬಾರಿಯದೇನಲ್ಲ. ಕಾಡಿನಿಂದ ಮಾದರಿ ತರಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅದನ್ನು ಮೊದಲೇ ಪಡೆಯಬೇಕು. ಫೋಟೊ ತೆಗೆಯುವಾಗ ಪಕ್ಕದಲ್ಲಿ ಅಳತೆಪಟ್ಟಿ ಇರಲಿ, ಕಿವಿರಿನ ಕಡೆಯದೂ ಒಂದಿರಲಿ. ಎಲೆಯ ಸಮೇತ ಎತ್ತಿ, ಸುಮಾರು 40 ಡಿಗ್ರಿ ಬಿಸಿಗಾಳಿಯಲ್ಲಿ ಒಣಗಿಸಿ, ಕಾಗದದ ಪೊಟ್ಟಣದಲ್ಲಿಟ್ಟು ಸ್ಥಳ, ದಿನಾಂಕ, ಮರದ ಹೆಸರು ಬರೆದರೆ ಅದು ದಶಕಗಟ್ಟಲೆ ಬಾಳುವ ದಾಖಲೆ. ಮರಾಸ್ಮಿಯಸ್ ಇಲ್ಲೂ ಸಹಕರಿಸುತ್ತದೆ: ವರ್ಷಗಳ ನಂತರ ಒಂದು ಹನಿ ನೀರು ಬಿಟ್ಟರೂ ಕೊಡೆ ಬಿಚ್ಚಿಕೊಂಡು ಆಕಾರ ತೋರಿಸುತ್ತದೆ. ಪೊಟ್ಟಣವನ್ನು ಮನೆಯಲ್ಲಿಟ್ಟುಕೊಂಡರೆ ಪ್ರಯೋಜನವಿಲ್ಲ. ಪುಣೆಯ ಅಗರ್ಕರ್ ಸಂಶೋಧನಾ ಸಂಸ್ಥೆಯ ಅಜ್ರೇಕರ್ ಶಿಲೀಂಧ್ರ ಸಂಗ್ರಹದಂಥ ಕಡೆ ಅದಕ್ಕೊಂದು ಸಂಖ್ಯೆ ಸಿಗಬೇಕು. ಮುಂದೆ ಯಾರಿಗೆ ಅನುಮಾನ ಬಂದರೂ ತೆಗೆದು ನೋಡುವಂತಿರಬೇಕು.

ಒಂದೇ ಕಾನಿನಿಂದ ಕೆಂಪು, ಕಿತ್ತಳೆ, ನೇರಳೆ ಕೊಡೆಗಳ ಮೂರು ಪೊಟ್ಟಣ ತಂದು, ಬೀಜಕ ಅಳೆದು, ಪೊರಕೆಕೋಶ ನೋಡಿ, ಐಟಿಎಸ್ ಓದಿಸಿದರೆ ಎರಡರಲ್ಲಿ ಒಂದು ಉತ್ತರ ಬರುತ್ತದೆ. ಮೂರೂ ಒಂದೇ ಆಗಿದ್ದರೆ ಬಣ್ಣದ ಮೇಲೆ ಕೊಟ್ಟ ಹೆಸರುಗಳನ್ನು ಕೈಬಿಡಬಹುದು. ಬೇರೆಯಾಗಿದ್ದು, ಬ್ರೆಜಿಲ್‌ನದಕ್ಕೂ ಹೊಂದದಿದ್ದರೆ, ಅಷ್ಟು ವರ್ಷ ಹೆಮಟೋಸೆಫಲಸ್ ಎಂದು ಕರೆಸಿಕೊಂಡದ್ದಕ್ಕೆ ತನ್ನದೇ ಹೆಸರು ಬೇಕಾಗುತ್ತದೆ. 2012ರಿಂದ ಅದಕ್ಕೆ ಲ್ಯಾಟಿನ್ ವರ್ಣನೆ ಕಡ್ಡಾಯವಲ್ಲ, ಇಂಗ್ಲಿಷಿನಲ್ಲಿ ಬರೆದರೂ ನಡೆಯುತ್ತದೆ. 2013ರಿಂದ ಮೈಕೋಬ್ಯಾಂಕ್‌ನಂಥ ಮಾನ್ಯ ಕೋಶದಲ್ಲಿ ನೋಂದಣಿ ಸಂಖ್ಯೆ ಪಡೆಯುವುದು ಕಡ್ಡಾಯ. ನೋಂದಣಿಯಾಗಿ ಪ್ರಕಟವಾದ ದಿನದಿಂದ ಮಲೆನಾಡಿನ ಎಲೆಯೊಂದಿಗೆ ಪೊಟ್ಟಣದಲ್ಲಿರುವ ಆ ಒಣ ಅಣಬೆಯೇ ಮೂಲ ಮಾದರಿ. ಶ್ರೀಲಂಕಾದಲ್ಲೋ ಥಾಯ್ಲೆಂಡಿನಲ್ಲೋ ಅಂಥದೇ ಕೆಂಪು ಕೊಡೆ ಕಂಡವರು ತಮ್ಮದನ್ನು ಅದರೊಂದಿಗೆ ಹೋಲಿಸಿ ನೋಡಬೇಕಾಗುತ್ತದೆ.